ಅಡುಗೆಮನೆ ಬಾಗಿಲಲ್ಲಿ ಬಿಟ್ಟ ಬೂಟು

ಲಾಠಿಯ ನಾಲ್ಕನೇ ಏಟಿಗೆ ನಿಂಗರಾಜನ ಬಲ ಮುಂಗೈ ಮುರಿಯಿತು. ಮೂಳೆ ಮುರಿದ ಸದ್ದು ಉಗ್ರಾಣದ ಹೊರಗಿದ್ದ ಇನ್ಸ್‌ಪೆಕ್ಟರ್ ಉಮಾಶ್ರೀಗೂ ಕೇಳಿಸಿತು. ಅವಳು ಬಾಗಿಲು ಬಡಿಯಲಿಲ್ಲ, ಒದ್ದಳು.

ಅಕ್ಕಿ ಮೂಟೆಗಳ ನಡುವೆ ಬಿದ್ದಿದ್ದ ನಿಂಗರಾಜನ ತುಟಿ ಸೀಳಿ ಗಲ್ಲದ ತನಕ ರಕ್ತ ಇಳಿದಿತ್ತು. ಅಂಗಾಲಿಗೆ ಹೊಡೆಯಲೆಂದು ಅವನ ಬೂಟುಗಳನ್ನು ಕಳಚಿ ಮೂಲೆಗೆ ಎಸೆದಿದ್ದರು. ಸಿಂಧನೂರಿನ ಕಡೆಯಿಂದ ಬಂದು, ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆ ಕೋಣೆ ಹಿಡಿದು, ಖಾಸಗಿ ಏಜೆನ್ಸಿಯೊಂದರಲ್ಲಿ ಗಾರ್ಡ್ ಆಗಿ ದುಡಿಯುವ ಮೂವತ್ತರ ಮನುಷ್ಯ. ಬನಶಂಕರಿಯ ಈ ಕಲ್ಯಾಣ ಮಂಟಪದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ವಿದೇಶಿ ಅತಿಥಿಯೊಬ್ಬ ಇರಿತಕ್ಕೆ ಸತ್ತಿದ್ದ. ಒಂದು ಗಂಟೆಯೊಳಗೆ ಕೊಲೆಗಾರ ನಿಂಗರಾಜನೇ ಎಂದು ತೀರ್ಮಾನವೂ ಆಗಿಹೋಗಿತ್ತು.

ಲಾಠಿ ಹಿಡಿದು ನಿಂತಿದ್ದವನು ವಿಶೇಷ ದಳದ ಇನ್ಸ್‌ಪೆಕ್ಟರ್ ಭೀಮೇಶ್. ಬೆವರು ಒರೆಸಿಕೊಂಡು, ಸತ್ತವನ ಕೈಗಡಿಯಾರ ಇವನ ಊಟದ ಚೀಲದಲ್ಲಿ ಸಿಕ್ಕಿದೆ, ಇನ್ನೇನು ಬೇಕು ಎಂದ. ಸಾಕ್ಷಿ ತಾನಾಗಿ ಬಂದು ಚೀಲದಲ್ಲಿ ಕೂತ ಇಂಥ ಕೇಸುಗಳನ್ನು ಉಮಾಶ್ರೀ ಹನ್ನೊಂದು ವರ್ಷಗಳಲ್ಲಿ ಬೇಕಾದಷ್ಟು ಕಂಡಿದ್ದಳು.

"ನಾ ಒಳಗ ಹೋಗೇ ಇಲ್ರಿ ಮೇಡಂ," ನಿಂಗರಾಜ ನೆಲದಿಂದಲೇ ಹೇಳಿದ. "ಕಿರುಚಿದ್ದು ಕೇಳಿ ಅಡಗಿಮನಿ ಬಾಗಲಕ ಓಡಿ ಬಂದು ನಿಂತೆ. ಅಷ್ಟ ರೀ."

ಭೀಮೇಶ್ ಮತ್ತೆ ಲಾಠಿ ಎತ್ತಿದ. ಉಮಾಶ್ರೀ ಅದರ ತುದಿ ಹಿಡಿದುಕೊಂಡಳು. ಇಬ್ಬರೂ ಒಂದೇ ದರ್ಜೆಯವರು, ಯಾರೂ ಯಾರಿಗೂ ಆಜ್ಞೆ ಮಾಡುವಂತಿರಲಿಲ್ಲ. ಕೊನೆಗೆ ಭೀಮೇಶನೇ ನಕ್ಕು ಲಾಠಿ ಬಿಟ್ಟ.

"ಮೇಡಂ, ಕಳ್ಳತನ ಅಂದ್ರೆ ಹಾಡಿನ ಸ್ಪರ್ಧೆ ನಡೆಯುತ್ತೆ. ರಾಜಕೀಯ ಅಂದ್ರೆ ನಿಲ್ಲುತ್ತೆ. ಸಾಯಂಕಾಲ ಐದಕ್ಕೆ ಪ್ರೆಸ್ ಮೀಟು. ಅಷ್ಟರೊಳಗೆ ನಿಮ್ಮ ಹತ್ರ ಬೇರೆ ಕಳ್ಳ ಇದ್ರೆ ತನ್ನಿ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹತ್ತೊಂಬತ್ತು ದೇಶಗಳ ಗಾಯಕರು ಸೇರುವ ಗಾನಸ್ಪರ್ಧೆ ಈ ಸಲ ಬೆಂಗಳೂರಿಗೆ ಬಂದಿತ್ತು. ಗೆದ್ದ ದೇಶವೇ ಮರುವರ್ಷ ನಡೆಸುವುದು ಪದ್ಧತಿ. ಹೋದ ವರ್ಷ ಗೆದ್ದ ದೇಶದಲ್ಲಿ ಯುದ್ಧ, ಹಾಗಾಗಿ ಆ ಭಾಗ್ಯ ನಮ್ಮ ಪಾಲಿಗೆ. ಜಯನಗರದಿಂದ ಜೆ.ಪಿ. ನಗರದ ತನಕ ಹಾಡುವವರ ಮುಖಕ್ಕಿಂತ ದೊಡ್ಡದಾಗಿ ಹಾಡು ಬಾರದವರ ಮುಖಗಳು ಬ್ಯಾನರಿನಲ್ಲಿ ಹಲ್ಲು ಕಿರಿಯುತ್ತಿದ್ದವು. ಭಾರತದ ಹಾಡು ಕನ್ನಡದಲ್ಲಿ ಯಾಕಿಲ್ಲ ಎಂದು ಒಂದು ಗುಂಪು ರಸ್ತೆಗಿಳಿದಿತ್ತು. ಕರ್ವಾಸ್ತಾನದಂಥ ದಬ್ಬಾಳಿಕೆಯ ದೇಶವನ್ನು ಕರೆದದ್ದೇ ತಪ್ಪು ಎಂದು ಇನ್ನೊಂದು ಗುಂಪು ಟೈರು ಸುಟ್ಟಿತ್ತು. ಸತ್ತವನು ಆ ಕರ್ವಾಸ್ತಾನದ ತಂಡದ ಭದ್ರತಾ ಮುಖ್ಯಸ್ಥ, ತೈಮೂರ್. ಸುದ್ದಿ ಕೇಳಿ ಐದು ದೇಶಗಳ ತಂಡಗಳು ಹೋಟೆಲಿನಲ್ಲಿ ಪೆಟ್ಟಿಗೆ ಕಟ್ಟಿ ಕೂತಿದ್ದವು.

ಹಾಗಾಗಿ ಮೇಲಿನವರಿಗೆ ಒಬ್ಬ ಕಳ್ಳ ಬೇಕಿತ್ತು, ಬಡವನಾದಷ್ಟೂ ಒಳ್ಳೆಯದು. ಐದು ಗಂಟೆಗೆ ನಿಂಗರಾಜನ ಮುಖಕ್ಕೆ ಕಪ್ಪು ಬಟ್ಟೆ ಹಾಕಿ ಕ್ಯಾಮೆರಾಗಳ ಮುಂದೆ ನಿಲ್ಲಿಸಿದರೆ, ಆಮೇಲೆ ಅವನನ್ನು ಉಳಿಸುವುದು ಯಾರಿಂದಲೂ ಆಗದು. ಉಮಾಶ್ರೀ ತನ್ನ ನಂಬಿಕೆಯ ಹೆಡ್ ಕಾನ್‌ಸ್ಟೇಬಲ್ ಸರಸ್ವತಿಯನ್ನು ಉಗ್ರಾಣದ ಬಾಗಿಲಲ್ಲಿ ನಿಲ್ಲಿಸಿ, ಇವನನ್ನು ಕಣ್ಣಿಂದ ಮರೆಯಾಗಲು ಬಿಡಬೇಡ ಎಂದು ಹೇಳಿ ಕೊಲೆಯಾದ ಕೋಣೆಗೆ ನಡೆದಳು.

ಮದುವೆ ಹೆಣ್ಣಿಗೆಂದು ಕಟ್ಟಿಸಿದ ಆ ಕೋಣೆಯಲ್ಲಿ ತೈಮೂರನ ಹೆಣ ಇನ್ನೂ ಇತ್ತು. ಕತ್ತಿನಲ್ಲಿ ಒಂದು ಇರಿತ, ಹೊಟ್ಟೆಯಲ್ಲಿ ಎರಡು. ಅಡುಗೆಯವರು ಕುಂಬಳಕಾಯಿ ಹೆಚ್ಚುವ ಚಾಕು ಅವನ ಪಕ್ಕೆಲುಬಿನ ಕೆಳಗೆ ಹಿಡಿಯವರೆಗೂ ಹೂತಿತ್ತು. ಕೆಂಪು ನೆಲದ ಮೇಲೆ ರಕ್ತ ಗೋಡೆಯ ತನಕ ಹರಿದು ಹೆಪ್ಪುಗಟ್ಟಿತ್ತು. ಅದರ ಅಂಚಿನಲ್ಲಿ ಎರಡು ಹೆಜ್ಜೆ ಗುರುತುಗಳಿದ್ದವು. ಉಮಾಶ್ರೀ ಬಗ್ಗಿ ನೋಡಿದಳು. ಬೂಟಿನದಲ್ಲ, ಬರಿಗಾಲಿನದೂ ಅಲ್ಲ. ಕಾಲುಚೀಲದ ನೇಯ್ಗೆ ರಕ್ತದಲ್ಲಿ ಒತ್ತಿಕೊಂಡಿತ್ತು.

ಅಷ್ಟರಲ್ಲಿ ಮಂಟಪದ ಮಾಲೀಕ ಗಂಗಾಧರಯ್ಯ ಬಾಗಿಲಿಗೆ ಬಂದು ನಿಂತರು. ಇದೇ ನೆಲದಲ್ಲಿ ಅವರ ಅಪ್ಪ ರಾಗಿ ಬೆಳೆದಿದ್ದರು, ಇವರು ಮದುವೆ ಬೆಳೆಯುತ್ತಿದ್ದರು. ಬೆಳಗಿನಿಂದ ಅವರದು ಒಂದೇ ರಾಗ. ಮುಂಬಾಗಿಲಲ್ಲಿ ಬಿಟ್ಟಿದ್ದ, ಪಟ್ಟಿಗೆ ಹಸಿರು ದಾರದ ಹೊಲಿಗೆ ಹಾಕಿಸಿದ ತಮ್ಮ ಚರ್ಮದ ಚಪ್ಪಲಿ ಕಾಣುತ್ತಿಲ್ಲ, ಇಷ್ಟು ಪೊಲೀಸರಿದ್ದೂ ಚಪ್ಪಲಿ ಕಳುವಾದರೆ ಹೇಗೆ ಎಂದು ಸಿಕ್ಕಸಿಕ್ಕ ಕಾನ್‌ಸ್ಟೇಬಲ್‌ಗಳನ್ನೆಲ್ಲ ಕೇಳಿದ್ದರು. ಒಳಗೆ ಹೆಣ ಬಿದ್ದಿರುವಾಗ ಇವರಿಗೆ ಚಪ್ಪಲಿ ಚಿಂತೆ ಎಂದು ಎಲ್ಲರೂ ಬೈದು ಕಳಿಸಿದ್ದರು.

ಉಮಾಶ್ರೀಯೂ ಬೈಯಲು ಬಾಯಿ ತೆರೆದಳು. ಬೈಯದೆ, ರಕ್ತದಲ್ಲಿನ ಕಾಲುಚೀಲದ ಗುರುತನ್ನು ಇನ್ನೊಮ್ಮೆ ನೋಡಿದಳು.

ಈ ಮಂಟಪದೊಳಗೆ ಚಪ್ಪಲಿ, ಬೂಟು ಹಾಕಿಕೊಂಡು ಯಾರೂ ಕಾಲಿಡುವಂತಿಲ್ಲ, ಅದು ಗಂಗಾಧರಯ್ಯನವರ ಕಟ್ಟಪ್ಪಣೆ. ತಾಲೀಮಿಗೆ ಬಂದ ವಿದೇಶಿಯರಿಗೆ ಬಾಗಿಲಲ್ಲಿ ನಿಂತು ಹೇಳಿ ಹೇಳಿ ಬಿಡಿಸಬೇಕಾಗಿತ್ತು. ಎಲ್ಲರೂ ಮುಂಬಾಗಿಲಲ್ಲೇ ಬಿಟ್ಟಿದ್ದರು. ಕೊಲೆಯಾಗಿ ಕೂಗಾಟವೆದ್ದಾಗ ಎಲ್ಲರೂ ಅಲ್ಲಿಂದಲೇ ಕೈಗೆ ಸಿಕ್ಕಿದ್ದು ಮೆಟ್ಟಿಕೊಂಡು ಓಡಿದ್ದರು. ಗಂಗಾಧರಯ್ಯನವರದನ್ನು ಮೆಟ್ಟಿ ಹೋದವನ ಜೊತೆ ಮಾತ್ರ ಅಲ್ಲಿ ಉಳಿದಿರಲಿಲ್ಲ. ಹಾಗಾದರೆ ಕೊಲೆಗಾರ ತನ್ನದನ್ನು ಎಲ್ಲಿ ಬಿಟ್ಟ?

ಅವಳು ಅಡುಗೆಮನೆಯತ್ತ ಹೆಚ್ಚುಕಡಿಮೆ ಓಡಿದಳು. ಅಡುಗೆಯವರು ಆ ಹೊತ್ತಿನಲ್ಲಿ ಹಿತ್ತಲಲ್ಲಿ ತಿಂಡಿಗೆ ಕೂತಿದ್ದರಂತೆ, ಒಳಗೆ ಯಾರೂ ಇರಲಿಲ್ಲ. ಹಿಂಬಾಗಿಲಿನ ಹೊರಗೆ, ನೀರಿನ ಡ್ರಮ್ಮಿನ ಪಕ್ಕ, ಒಂದು ಜೊತೆ ಕಂದು ಬೂಟು ಇತ್ತು. ಒಂದರ ಪಕ್ಕ ಒಂದು, ಮೂತಿ ಹೊರಕ್ಕೆ, ದೇವಸ್ಥಾನದೆದುರು ಬಿಟ್ಟ ಹಾಗೆ. ಇವು ನಿಂಗರಾಜನವು ಎಂದು ಭೀಮೇಶನ ಕಡೆಯವರು ಬರೆದುಕೊಂಡಿದ್ದರು. ನಿಂಗರಾಜನ ಕರಿ ಬೂಟು ಆಗಷ್ಟೇ ಅವನ ಕಾಲಿನಿಂದ ಕಳಚಿ ಉಗ್ರಾಣದ ಮೂಲೆ ಸೇರಿತ್ತು. ಅವನಿಗೆಷ್ಟು ಕಾಲು ಎಂದು ಬರೆದವರಿಗೆ ಯೋಚನೆ ಬಂದಿರಲಿಲ್ಲ.

ಹಿಂಬಾಗಿಲಲ್ಲಿ ಬೂಟು ಬಿಡು ಎಂದು ಹೇಳುವವರು ಯಾರೂ ಇರಲಿಲ್ಲ. ಒಬ್ಬನನ್ನು ಕೊಲ್ಲಲು ಹೊರಟವನು, ಶುಭಕಾರ್ಯ ನಡೆಯುವ ಜಾಗ ಎಂದು, ತಾನಾಗಿಯೇ ಬೂಟು ಕಳಚಿ ಜೋಡಿಸಿಟ್ಟು ಒಳಹೊಕ್ಕಿದ್ದಾನೆ. ಇದು ಕರ್ವಾಸ್ತಾನದವರು ಮಾಡುವ ಕೆಲಸವಲ್ಲ. ನಮ್ಮವರೇ ಯಾರೋ ಮಾಡಿದ್ದು. ಕಿರುಚಾಟ ಕೇಳಿ ನಿಂಗರಾಜ ಈ ಬಾಗಿಲಿಗೆ ಬಂದು ನಿಂತದ್ದರಿಂದ ಬೂಟಿಗೆ ವಾಪಸು ಬರಲಾಗದೆ, ಗುಂಪಿನ ಜೊತೆ ಮುಂಬಾಗಿಲಿಂದ ಗಂಗಾಧರಯ್ಯನವರ ಚಪ್ಪಲಿ ಮೆಟ್ಟಿ ಹೊರಟುಹೋಗಿದ್ದಾನೆ.

ಉಮಾಶ್ರೀ ಎಡಗಾಲಿನ ಬೂಟನ್ನು ಎತ್ತಿ ಒಳಗೆ ಕೈ ಹಾಕಿದಳು. ಹಿಮ್ಮಡಿಯ ಜಾಗದಲ್ಲಿ ಅರ್ಧ ಅಂಗುಲ ದಪ್ಪದ ಕಾರ್ಕಿನ ತುಂಡು ಅಂಟಿಸಿತ್ತು. ಎಡಗಾಲು ಗಿಡ್ಡವಾದವನು ಸಮನಾಗಿ ನಡೆಯಲು ಮಾಡಿಕೊಂಡ ಏರ್ಪಾಡು.

ಅವಳಿಗೆ ಅಂಥ ಕಾಲಿನವರು ಒಬ್ಬರೇ ಗೊತ್ತು. ಅವಳು ಪ್ರೊಬೇಷನರ್ ಆಗಿದ್ದ ಮೊದಲ ವರ್ಷ, ಗಲಭೆಯಲ್ಲಿ ಕಲ್ಲು ಚಪ್ಪಡಿಯೊಂದು ಅವಳ ತಲೆಯ ಮೇಲೆ ಬೀಳುವುದರಲ್ಲಿತ್ತು. ಪಕ್ಕಕ್ಕೆ ನೂಕಿದವರು ನೀಲಕಂಠಪ್ಪ. ಚಪ್ಪಡಿ ಅವರ ಎಡ ಮೊಣಕಾಲಿನ ಮೇಲೆ ಬಿತ್ತು, ಆ ಕಾಲು ಗಿಡ್ಡವಾಗಿಯೇ ಕೂಡಿಕೊಂಡಿತು. ನಿವೃತ್ತ ಡಿವೈಎಸ್ಪಿ ನೀಲಕಂಠಪ್ಪ ಈಗ ಈ ಸ್ಪರ್ಧೆಯ ಒಟ್ಟು ಭದ್ರತೆಯ ಹೊಣೆ ಹೊತ್ತವರು. ಅಷ್ಟೇ ಅಲ್ಲ, ಅವಳಿಗೆ ಕೆಲಸ ಕಲಿಸಿದವರು.

ಎರಡೂ ಬೂಟುಗಳನ್ನು ಎತ್ತಿಕೊಂಡಳು. ಈ ಬೂಟು ಬೇರೆ ಯಾರದ್ದಾದರೂ ಆಗಿರಲಿ ಎಂದು ಅವಳು ಮನಸಾರೆ ಬೇಡಿಕೊಂಡಳು.

ಹನುಮಂತನಗರದ ಗುಡ್ಡದ ಕೆಳಗಿನ ಆ ಹಳೇ ಮನೆಗೆ ಅವಳು ಜೀಪು ಓಡಿಸಿಕೊಂಡು ಒಬ್ಬಳೇ ಹೋದಳು. ಬಿಪಿ ಏರಿದೆ ಎಂದು ನೀಲಕಂಠಪ್ಪ ಹನ್ನೊಂದೂವರೆಗೇ ಮನೆಗೆ ಹೊರಟಿದ್ದರಂತೆ. ಗೇಟು ತೆಗೆದು ಮೆಟ್ಟಿಲು ಹತ್ತಿದಾಗ ಹೊಸ್ತಿಲ ಪಕ್ಕದಲ್ಲಿ ಚರ್ಮದ ಚಪ್ಪಲಿ ಕಂಡಿತು. ಎಡಗಾಲಿನದರ ಪಟ್ಟಿಗೆ ಹಸಿರು ದಾರದ ಹೊಲಿಗೆ. ಗಂಗಾಧರಯ್ಯ ಬೆಳಗಿನಿಂದ ಹೇಳುತ್ತಿದ್ದ ಗುರುತೇ ಅದು. ಇನ್ನು ಬೇಡಿಕೊಳ್ಳಲು ಏನೂ ಉಳಿಯಲಿಲ್ಲ.

ನೀಲಕಂಠಪ್ಪ ನಡುಮನೆಯಲ್ಲಿ ಬನಿಯನ್ನಿನಲ್ಲಿ ಕೂತಿದ್ದರು. ಬಲ ಅಂಗೈಗೆ ಬಟ್ಟೆ ಸುತ್ತಿತ್ತು, ರಕ್ತ ಒಸರಿತ್ತು. ಉಮಾಶ್ರೀ ಬೂಟುಗಳನ್ನು ಟೀಪಾಯಿಯ ಮೇಲಿಟ್ಟಳು. ಅವರು ಎಡಗಾಲಿನದನ್ನು ಎತ್ತಿ ಒಳಗಿನ ಕಾರ್ಕನ್ನು ಮುಟ್ಟಿ ನೋಡಿದರು.

"ಬಿಚ್ಚಿಟ್ಟೆನಾ?" ಎಂದರು. "ನನಗೆ ನೆನಪೇ ಇಲ್ಲ ಉಮಾ. ಕೊಲ್ಲೋಕೆ ಅಂತಲೇ ಹೋದೆ. ಬೂಟು ಬಿಟ್ಟಿದ್ದು ಮಾತ್ರ ಗೊತ್ತೇ ಆಗ್ಲಿಲ್ಲ."

ಆಮೇಲೆ ಅವರು ಎಲ್ಲವನ್ನೂ ಹೇಳಿದರು, ಠಾಣೆಯಲ್ಲಿ ಹೇಳಿಕೆ ಬರೆಸುವವರ ಹಾಗೆ ಒಂದೊಂದಾಗಿ. ಕರ್ವಾಸ್ತಾನದ ಗಾಯಕಿ ನಾದಿರಾಗೆ ಇಪ್ಪತ್ತೆರಡು ವರ್ಷ. ತನ್ನ ಸರ್ಕಾರ ಹೇಳಿದ ಹಾಡು ಬಿಟ್ಟು, ಜೈಲಿನಲ್ಲಿರುವ ಅಣ್ಣನ ಬಗ್ಗೆ ಹಾಡುತ್ತೇನೆಂದು ಹಟ ಹಿಡಿದಿದ್ದಳು. ತೈಮೂರ್ ಭದ್ರತೆಗೆ ಬಂದವನಲ್ಲ, ಅವಳನ್ನು ಬಗ್ಗಿಸಲು ಬಂದವನು. ಅವಳ ತೋಳಿನ ತುಂಬ ಸಿಗರೇಟಿನಿಂದ ಸುಟ್ಟ ಗಾಯಗಳಿದ್ದವು. ಎರಡು ಉಗುರು ಕಿತ್ತಿದ್ದ. ನಾಡಿದ್ದು ಫೈನಲ್ಲಿಗೆ ಮೊದಲು ವೇದಿಕೆಯ ಮೇಲಿನ ಅಟ್ಟಣಿಗೆಯಿಂದ ಅವಳು ಕಾಲು ಜಾರಿ ಬೀಳಬೇಕೆಂದು ಏರ್ಪಾಡಾಗಿತ್ತು. ನೀಲಕಂಠಪ್ಪ ಮೂರು ಸಲ ಮೇಲಿನವರಿಗೆ ವರದಿ ಕೊಟ್ಟರು. ಅತಿಥಿ ದೇಶದ ಒಳವಿಚಾರ, ಕೈ ಹಾಕಬೇಡಿ ಎಂಬ ಒಂದೇ ಸಾಲು ಮೂರು ಸಲವೂ ವಾಪಸು ಬಂತು.

ಉಮಾಶ್ರೀಗೆ ಅವರ ಮೇಲೆ ಸಿಟ್ಟೂ ಬಂತು, ಗೌರವವೂ ಹೋಗಲಿಲ್ಲ. ಎರಡೂ ಒಟ್ಟಿಗಿದ್ದದ್ದೇ ಅವಳ ಕಷ್ಟ. ನಿಂಗರಾಜ ಎಂಬ ಗಾರ್ಡಿನ ಕೈ ಮುರಿದಿದ್ದಾರೆ, ಐದು ಗಂಟೆಗೆ ಅವನನ್ನು ಕೊಲೆಗಾರ ಎಂದು ತೋರಿಸುತ್ತಾರೆ, ಈಗಲೇ ಬನ್ನಿ ಎಂದಳು.

"ಎರಡು ದಿನ ಕೊಡು. ಆ ಹುಡುಗಿ ಸ್ಟೇಜ್ ಮೇಲೆ ನಿಂತು, ಲೋಕದ ಮುಂದೆ ಆಶ್ರಯ ಕೇಳ್ಲಿ. ಆಮೇಲೆ ನಾನೇ ಬರ್ತೀನಿ."

"ಎರಡು ದಿನದಲ್ಲಿ ಅವನು ಬದುಕಿರೋದಿಲ್ಲ ಸಾರ್."

"ನಾನು ಈಗ ಒಪ್ಪಿಕೊಂಡ್ರೆ ಸ್ಪರ್ಧೆ ನಿಲ್ಲುತ್ತೆ. ಅವಳನ್ನ ಇವತ್ತೇ ವಿಮಾನ ಹತ್ತಿಸ್ತಾರೆ. ಒಬ್ಬರಲ್ಲ ಒಬ್ಬರು ಸಾಯೋದೇ."

ಅವಳು ಬೇಡಿ ತೆಗೆದಳು. ಅವರು ಎದ್ದರು. ಎದ್ದ ರಭಸಕ್ಕೇ ಪಕ್ಕದಲ್ಲಿದ್ದ ಹಿತ್ತಾಳೆ ಚೊಂಬು ಎತ್ತಿ ಅವಳ ಹಣೆಗೆ ಬಡಿದರು. ಕಣ್ಣಿಗೆ ರಕ್ತ ಇಳಿದು ಅರ್ಧ ಕೋಣೆ ಕೆಂಪಾಯಿತು. ಎರಡನೇ ಏಟು ಅವಳ ಭುಜಕ್ಕೆ ಬಿತ್ತು. ಅರವತ್ತೆರಡರ ಮುದುಕನಲ್ಲಿ ಇಷ್ಟು ಬಲವಿದೆಯೆಂದು ಅವಳು ಎಣಿಸಿರಲಿಲ್ಲ. ಅವರು ಅವಳ ಸೊಂಟದ ಪಿಸ್ತೂಲಿಗೆ ಕೈ ಹಾಕಿದರು. ಉಮಾಶ್ರೀ ಅವರ ಎಡ ಮೊಣಕಾಲಿಗೆ, ತನಗಾಗಿ ಮುರಿದುಕೊಂಡ ಅದೇ ಮೊಣಕಾಲಿಗೆ, ಬೂಟುಗಾಲಿನಿಂದ ಒದ್ದಳು. ಅವರು ಕುಸಿದರು. ಪಿಸ್ತೂಲಿನ ಹಿಡಿಯಿಂದ ಮೂಗಿಗೆ ಬಡಿದಾಗ ಮೂಗು ಒಡೆದು ಅವಳ ಕೈಯೆಲ್ಲ ಬಿಸಿಯಾಯಿತು. ಬೇಡಿ ಬಿಗಿಯುವಾಗ ಅವಳು ಅಳುತ್ತಿದ್ದಳು. ಅದನ್ನು ಮುಚ್ಚಿಕೊಳ್ಳಲೂ ಇಲ್ಲ.

ಆಗ ಫೋನು ಬಂತು. ಸರಸ್ವತಿಯ ದನಿಯಲ್ಲಿ ಉಸಿರೇ ಇರಲಿಲ್ಲ. ತನ್ನನ್ನು ಪಕ್ಕಕ್ಕೆ ದಬ್ಬಿ ಭೀಮೇಶ್ ನಿಂಗರಾಜನನ್ನು ಜೀಪಿಗೆ ಹಾಕಿಕೊಂಡು ಹೋದನೆಂದೂ, ಕದ್ದ ಮಾಲು ಬೇಗೂರು ಕೆರೆಯ ಹತ್ತಿರ ಹೂತಿಟ್ಟಿದ್ದಾನೆ, ಮಹಜರು ಮಾಡಬೇಕು ಎಂದನೆಂದೂ ಅವಳು ಹೇಳಿದಳು.

ಪೇಪರು ಓದುವ ಯಾರಿಗೂ ಮಹಜರು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆರೋಪಿಯನ್ನು ಸ್ಥಳಕ್ಕೆ ಕರೆದೊಯ್ಯುತ್ತಾರೆ. ಅವನು ಪೊಲೀಸರ ಮೇಲೆ ಹಲ್ಲೆ ಮಾಡುತ್ತಾನೆ. ಆತ್ಮರಕ್ಷಣೆಗಾಗಿ ಗುಂಡು ಹಾರುತ್ತದೆ. ಕಾಲಿಗೆ ಹಾರಿಸಿದ್ದು ಕೆಲವೊಮ್ಮೆ ಎದೆಗೆ ಬೀಳುತ್ತದೆ. ಐದು ಗಂಟೆಗೆ ತೋರಿಸಲು ಹೆಣವಾದರೆ ಇನ್ನೂ ಅನುಕೂಲ, ಅದು ಏನನ್ನೂ ಅಲ್ಲಗಳೆಯುವುದಿಲ್ಲ.

ನೆಲದ ಮೇಲಿದ್ದ ನೀಲಕಂಠಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರ ಮುಖದ ಬಿಗಿ ಸಡಿಲಾಯಿತು.

"ಭೀಮೇಶನಿಗೆ ಆ ಕೆಲಸ ಕಲಿಸಿದ್ದು ನಾನೇ," ಎಂದರು. "ಎಬ್ಬಿಸು ನನ್ನ. ಬೇಗ ಹೋಗೋಣ."

ಸೈರನ್ ಹಾಕಿಕೊಂಡು ಅವಳು ಜಯನಗರ ದಾಟಿ ಬಿ.ಟಿ.ಎಂ. ಸಿಗ್ನಲ್ಲುಗಳನ್ನು ಒಂದೊಂದಾಗಿ ಮುರಿದಳು. ಒಂದು ಆಟೋದ ಕನ್ನಡಿ ಹಾರಿತು, ಹಣೆಯ ರಕ್ತ ಸ್ಟೀರಿಂಗಿಗೆ ತೊಟ್ಟಿಕ್ಕುತ್ತಲೇ ಇತ್ತು. ನೀಲಕಂಠಪ್ಪ ಪಕ್ಕದಲ್ಲಿ ಬರಿಗಾಲಲ್ಲಿ, ಬೇಡಿ ಹಾಕಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬೇಗೂರಿನ ನಾಗೇಶ್ವರ ದೇವಸ್ಥಾನದ ಗೋಪುರ ಕಂಡಾಗ ಮೂರು ಗಂಟೆಗೆ ಐದು ನಿಮಿಷವಿತ್ತು.

ಕೆರೆ ಏರಿಯ ಕೆಳಗೆ, ಜಾಲಿ ಪೊದೆಗಳ ಮರೆಯಲ್ಲಿ ಜೀಪು ನಿಂತಿತ್ತು. ಬಂದೂಕು ಹಿಡಿದ ಇಬ್ಬರು ಕಾನ್‌ಸ್ಟೇಬಲ್‌ಗಳು ಬೇರೆಡೆ ನೋಡುತ್ತಿದ್ದರು. ನಿಂಗರಾಜ ಮುರಿದ ಕೈಯನ್ನು ಎದೆಗವಚಿಕೊಂಡು ಮಂಡಿಯೂರಿದ್ದ. ಭೀಮೇಶ್ ಏಳು ಹೆಜ್ಜೆ ದೂರದಲ್ಲಿ ರಿವಾಲ್ವರ್ ಹಿಡಿದು, ಎಲ್ಲಿಂದ ಹೊಡೆದರೆ ಆತ್ಮರಕ್ಷಣೆಯ ಹಾಗೆ ಕಾಣುತ್ತದೆಂದು ಅಳೆಯುತ್ತಿದ್ದ.

ಉಮಾಶ್ರೀ ಜೀಪು ನಿಲ್ಲಿಸುವ ಮೊದಲೇ ನೀಲಕಂಠಪ್ಪ ಇಳಿದರು. ಕುಂಟುತ್ತ ನಡೆದು ಹೋಗಿ ನಿಂಗರಾಜನಿಗೂ ರಿವಾಲ್ವರಿಗೂ ನಡುವೆ ನಿಂತು, ಬೇಡಿಯ ಕೈಗಳನ್ನು ಮೇಲೆತ್ತಿದರು. ತೈಮೂರನನ್ನು ಕೊಂದವನು ನಾನು, ಈ ಮನುಷ್ಯನಿಗೂ ಇದಕ್ಕೂ ಸಂಬಂಧವಿಲ್ಲ, ಐದು ಗಂಟೆಗೆ ನಾನೇ ಪ್ರೆಸ್ ಮುಂದೆ ಹೇಳುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನಿಂಗರಾಜ ತಲೆ ಎತ್ತಿ ನೋಡಿದ. ಬೆಳಗಿನಿಂದ ಅವನ ಮಾತನ್ನು ನಿಜವೆಂದವರು ಇವರೊಬ್ಬರೇ. ಅವನು ಬಿಕ್ಕಿ ಬಿಕ್ಕಿ ಅತ್ತ.

"ಗೊತ್ತಿದೆ ಸಾರ್," ಭೀಮೇಶ್ ಮೆಲ್ಲಗೆ ಹೇಳಿದ. "ಬೆಳಿಗ್ಗೆಯಿಂದ ಗೊತ್ತಿದೆ. ಮೇಲಿನವರಿಗೂ ಗೊತ್ತಿದೆ. ನೀವು ಸುಮ್ನೆ ಮನೇಲಿ ಇರ್ತೀರಿ ಅಂದ್ಕೊಂಡಿದ್ವಿ."

ಅಷ್ಟು ಹೇಳಿ ಎರಡು ಗುಂಡು ಹಾರಿಸಿದ.

ಮೊದಲನೆಯದು ನೀಲಕಂಠಪ್ಪನವರ ಗಂಟಲಿಗೆ ಬಿತ್ತು, ಎರಡನೆಯದು ಎದೆಗೆ. ಅವರು ಹಿಂದಕ್ಕೆ, ನಿಂಗರಾಜನ ಮೇಲೇ ಬಿದ್ದರು. ಉಮಾಶ್ರೀ ಓಡಿ ಹೋಗಿ ಗಂಟಲನ್ನು ಎರಡೂ ಕೈಗಳಿಂದ ಒತ್ತಿ ಹಿಡಿದಳು. ರಕ್ತ ಬೆರಳುಗಳ ಸಂದಿನಿಂದ ಚಿಮ್ಮುತ್ತಲೇ ಇತ್ತು. ಅವರು ಏನೋ ಹೇಳಲು ನೋಡಿದರು, ಬಾಯಿಂದ ರಕ್ತವಷ್ಟೇ ಬಂತು. ಅವಳಿಗೆ ಕೆಲಸ ಕಲಿಸಿದ ಮನುಷ್ಯ ಅವಳ ಮಡಿಲಲ್ಲೇ ಸತ್ತರು. ನಿಂಗರಾಜನನ್ನು ಬಿಡಿಸಬಲ್ಲ ಒಂದೇ ಒಂದು ಬಾಯಿಯೂ ಅವರ ಜೊತೆಗೆ ಹೋಯಿತು.

ಭೀಮೇಶ್ ನಿಧಾನವಾಗಿ ಬಂದು ಬಗ್ಗಿದ. ತನ್ನ ಜೇಬಿನಿಂದ ಬೇಡಿಯ ಕೀಲಿಕೈ ತೆಗೆದು ಹೆಣದ ಕೈಗಳನ್ನು ಬಿಡಿಸಿದ. ಅವನ ಸರ್ವಿಸ್ ರಿವಾಲ್ವರ್ ಸೊಂಟದಲ್ಲೇ ಇತ್ತು. ಈಗ ಹಾರಿಸಿದ್ದು ನಂಬರಿಲ್ಲದ ನಾಡ ರಿವಾಲ್ವರ್. ಅದನ್ನು ಕರ್ಚೀಫಿನಲ್ಲಿ ಒರೆಸಿ, ನಿಂಗರಾಜನ ಎಡಗೈಗೆ ಒತ್ತಿ, ಬೆರಳುಗಳನ್ನು ಒಂದೊಂದಾಗಿ ಮಡಚಿದ. ನಿಂಗರಾಜ ಕೂಗಿಕೊಂಡ. ಕಾನ್‌ಸ್ಟೇಬಲ್ ಒಬ್ಬ ಅವನ ಮುರಿದ ಕೈಯನ್ನು ಮೆಟ್ಟಿ ಸುಮ್ಮನಾಗಿಸಿದ.

"ಆರೋಪಿ ಬಚ್ಚಿಟ್ಟಿದ್ದ ಗನ್ ತೆಗೆದು ಹಾರಿಸಿದ. ಮಹಜರಿಗೆ ಬಂದಿದ್ದ ನೀಲಕಂಠಪ್ಪನವರು ತೀರ್ಕೊಂಡ್ರು. ಸರ್ಕಾರಿ ಗೌರವ ಕೊಡಿಸೋಣ," ಎಂದು ಭೀಮೇಶ್ ರಿಪೋರ್ಟು ಓದುವವನ ಹಾಗೆ ಹೇಳಿದ. "ನೀವೂ ಇಲ್ಲೇ ಇದ್ರಿ. ಏನು ನೋಡಿದ್ರಿ ಮೇಡಂ?"

ಉಮಾಶ್ರೀ ಎದ್ದು ನಿಂತಳು. ಸಮವಸ್ತ್ರ ಮೊಣಕಾಲಿನ ತನಕ ಒದ್ದೆಯಾಗಿತ್ತು. ಹೌದು ಎಂದು ಒಂದು ಮಾತು ಹೇಳಿದರೆ ಮನೆಗೆ ಹೋಗಬಹುದು, ನೌಕರಿ ಉಳಿಯುತ್ತದೆ. ಕಾಲ ಬಳಿ ನಿಂಗರಾಜ ಅವಳ ಪ್ಯಾಂಟಿನ ಅಂಚನ್ನು ಹಿಡಿದುಕೊಂಡಿದ್ದ, ಬಿಡುತ್ತಿರಲಿಲ್ಲ. ಅವಳು ಪಿಸ್ತೂಲು ತೆಗೆದು ಅವನಿಗೆ ಅಡ್ಡವಾಗಿ ನಿಂತಳು.

"ನೋಡಿದ್ದನ್ನೇ ಬರೀತೀನಿ," ಎಂದಳು.

ಭೀಮೇಶನ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಬೇಸರ ಕಂಡಿತು. ಅವನು ಕಣ್ಸನ್ನೆ ಮಾಡಿದ. ಇಬ್ಬರು ಕಾನ್‌ಸ್ಟೇಬಲ್‌ಗಳೂ ಬಂದೂಕನ್ನು ಹೆಗಲಿಗೇರಿಸಿ ಅವಳತ್ತ ತಿರುಗಿದರು.

"ಹಾಗಾದ್ರೆ ಇವನು ಇನ್ನೂ ಒಬ್ಬರನ್ನ ಕೊಲ್ಲಬೇಕಾಗುತ್ತೆ ಮೇಡಂ."